ಬೆನ್ನುನೋವಿನ ಹೆಸರಿನಲ್ಲಿ ಒಂದು ಭಗಂದರ

ಗುಟ್ಟು ಕಾಪಾಡುವುದರಲ್ಲಿ ನನ್ನಷ್ಟು ಗಟ್ಟಿಗ ಕಾಪು ಪೇಟೆಯಲ್ಲೇ ಇಲ್ಲ ಎಂದು ನಾನು ನಂಬಿಕೊಂಡಿದ್ದೆ. ನನ್ನ ಉದ್ಯೋಗ ಗೊತ್ತಿರುವವರು ಇದನ್ನು ಕೇಳಿದರೆ ನಗುತ್ತಾರೆ. ನಾನು ಮಲ್ಪೆ ಬಂದರಿನಲ್ಲಿ ಮೀನಿನ ಹರಾಜು ಕೂಗುವವನು. ಬೋಟುಗಳು ಬಂದು ಬುಟ್ಟಿಗಳು ಸಾಲಾಗಿ ಇಳಿದ ಮೇಲೆ ನಾನು ನಡುವೆ ನಿಂತು ದರ ಕೂಗಲು ಶುರು ಮಾಡಿದರೆ, ಐಸ್ ಪುಡಿ ಮಾಡುವ ಯಂತ್ರದ ಗಲಾಟೆಯ ಮೇಲೂ ನನ್ನ ಸ್ವರ ಕೇಳಬೇಕು. ಅಂಥವನಿಗೆ ಗುಟ್ಟೇ! ಆದರೆ ಮೀನಿನ ದರ ಬೇರೆ, ಸ್ವಂತ ಶರೀರದ ವಿಷಯ ಬೇರೆ. ಅದರಲ್ಲೂ ಶರೀರದ ಆ ಜಾಗದ ವಿಷಯ!

ಆ ಜಾಗದಲ್ಲಿ ಮೊದಲಿಗೆ ಒಂದು ಕುರು ಎದ್ದಿತು. ಉಪ್ಪುನೀರು, ಒದ್ದೆ ಬಟ್ಟೆ, ಬಿಸಿಲು, ಇದರಿಂದೆಲ್ಲ ಎದ್ದಿರಬಹುದು, ತಾನಾಗಿ ಹೋದೀತು ಎಂದುಕೊಂಡೆ. ಅದು ತಾನಾಗಿಯೇ ಒಡೆಯಿತು. ನಾನು ದೇವರಿಗೆ ಕೈಮುಗಿದೆ. ಆದರೆ ಕುರು ಹೋದರೂ ಅದರ ಬಾಯಿ ಮುಚ್ಚಲಿಲ್ಲ. ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಊದುವುದು, ಮತ್ತೆ ಒಸರುವುದು. ಕುಳಿತರೆ ಪ್ರಾಣ ಹೋಗುವ ನೋವು. ಒಳಬಟ್ಟೆ ಹೆಂಡತಿಯ ಕೈಗೆ ಸಿಗದಂತೆ ನಾನೇ ಒಗೆಯತೊಡಗಿದೆ. ಮದುವೆಯಾದ ಮೇಲೆ ಒಂದು ಕರವಸ್ತ್ರವನ್ನೂ ಒಗೆಯದ ಗಂಡಸು ಬಾವಿಕಟ್ಟೆಯಲ್ಲಿ ಬಟ್ಟೆ ತಿಕ್ಕುವುದನ್ನು ಕಂಡು ನನ್ನ ಹೆಂಡತಿ ಸುಮತಿ ಹೆದರಿದಳು.

"ನಿಮಗೆ ಎಂತ ಆಗಿದೆ?"

"ಎಂತ ಇಲ್ಲ. ಹೆಂಗಸರಿಗೆ ಸಹಾಯ ಮಾಡಬೇಕು ಅಂತ ಟಿವಿಯಲ್ಲಿ ಹೇಳಿದರು."

ಅವಳು ನನ್ನ ಹಣೆ ಮುಟ್ಟಿ ಜ್ವರ ಉಂಟಾ ಎಂದು ನೋಡಿದಳು.

ಕೊನೆಗೆ ಯಾರಿಗೂ ಹೇಳದೆ ಪೇಟೆಯ ನಮ್ಮ ಹಳೆಯ ಡಾಕ್ಟರ ಬಳಿ ಹೋದೆ. ಅವರು ಪರೀಕ್ಷೆ ಮಾಡಿ, ಕೈ ತೊಳೆದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ವಿಷಯ ಗಂಭೀರ ಎಂದು ಊರಿಗೆಲ್ಲ ಗೊತ್ತು.

"ವಸಂತ, ಇದು ಭಗಂದರ. ಫಿಸ್ಟುಲಾ ಅಂತಾರೆ. ಒಳಗಿನಿಂದ ಹೊರಗಿನ ಚರ್ಮದವರೆಗೆ ಒಂದು ಸುರಂಗ ಆಗಿದೆ. ಮುಲಾಮು ಹಚ್ಚಿದರೆ ಹೋಗುವಂಥದ್ದಲ್ಲ, ಆಪರೇಷನ್ನೇ ಆಗಬೇಕು. ನಿನ್ನದು ಸ್ನಾಯುವಿನ ಮೂಲಕ ಹಾದು ಹೋದ ಹಾಗೆ ಕಾಣ್ತದೆ. ಆ ಸ್ನಾಯುವೇ ಅಲ್ಲಿ ಬಾಗಿಲು ಕಾಯುವುದು. ಎಲ್ಲೆಂದರಲ್ಲಿ ಕೊಯ್ಸಿಕೊಂಡರೆ ಹಿಡಿತ ತಪ್ಪಬಹುದು. ಸೀದಾ ಮಣಿಪಾಲಕ್ಕೆ ಹೋಗು. ಈಗ ಸ್ನಾಯು ಉಳಿಸಿಯೇ ಮಾಡುವ ಕ್ರಮ ಉಂಟು."

ಇಷ್ಟೆಲ್ಲ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಇಷ್ಟೇ: ಹಿಡಿತ ತಪ್ಪಬಹುದು!

ಓದುಗರು ನನ್ನ ಭಯವನ್ನು ಅರ್ಥ ಮಾಡಿಕೊಳ್ಳಬೇಕು. ಹರಾಜಿನ ಕೂಗು ಗಂಟಲಿನಿಂದ ಬರುವುದಲ್ಲ, ಹೊಟ್ಟೆಯ ತಳದಿಂದ ಬರಬೇಕು. ದಮ್ಮು ಕಟ್ಟಿ, ಒತ್ತಿ ಕೂಗಬೇಕು. ಕೆಳಗಿನ ಬಾಗಿಲು ಭದ್ರವಾಗಿರುವವನು ಮಾತ್ರ ಮೇಲಿನ ಬಾಗಿಲನ್ನು ಹಾಗೆ ತೆರೆಯಬಲ್ಲ. ಬಂದರಿನ ನಟ್ಟನಡುವೆ, ಮೀನು ಕೊಳ್ಳಲು ಬಂದ ಹೆಂಗಸರ ಎದುರಿಗೆ, ಕೂಗುವ ಭರದಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ? ಆ ಹೆಂಗಸರ ನಾಲಗೆ ನಿಮಗೆ ಗೊತ್ತಿಲ್ಲ! ನನ್ನ ಮರಿಮಕ್ಕಳ ಕಾಲದವರೆಗೂ ಅದನ್ನೇ ಹೇಳಿ ನಗುತ್ತಾರೆ. ಕೂಗುವುದು ಬಿಟ್ಟರೆ ನನಗೆ ಬೇರೆ ಕೆಲಸ ಬಾರದು. ಬೋಟು ಹತ್ತಿದರೆ ವಾಂತಿ ಮಾಡುವ ಮೀನುಗಾರರ ಮಗ ಇಡೀ ಕರಾವಳಿಯಲ್ಲಿ ನಾನೊಬ್ಬನೇ ಇರಬೇಕು.

ಆದ್ದರಿಂದ ಸಾಧಕ ಬಾಧಕಗಳನ್ನು ಕೂಲಂಕಷವಾಗಿ ಪರಾಮರ್ಶಿಸಿ ನಾನು ಒಂದು ಮಹತ್ವದ ನಿರ್ಧಾರ ಕೈಗೊಂಡೆ. ಏನೂ ಮಾಡದಿರುವುದು!

ಏನೂ ಮಾಡದಿರುವುದು ಅಷ್ಟು ಸುಲಭವಲ್ಲ. ನಿಂತು ಊಟ ಮಾಡುವ, ನಿಂತು ಟಿವಿ ನೋಡುವ, ಬೋರಲಾಗಿ ಮಲಗುವ ಗಂಡನಿಗೆ ಹೆಂಡತಿ ಕಾರಣ ಕೇಳಿಯೇ ಕೇಳುತ್ತಾಳೆ. ನಾನು "ಬೆನ್ನುನೋವು" ಎಂದೆ. ಬಹಳ ಯೋಚಿಸಿ ಆರಿಸಿದ ಕಾಯಿಲೆ ಅದು. ಬೆನ್ನುನೋವು ಮರ್ಯಾದಸ್ಥರ ಕಾಯಿಲೆ. ಬ್ಯಾಂಕ್ ಮ್ಯಾನೇಜರಿಗೂ ಬರುತ್ತದೆ, ಹೈಸ್ಕೂಲು ಮೇಷ್ಟ್ರಿಗೂ ಬರುತ್ತದೆ. ಅಂಗಿ ಎತ್ತಿದರೆ ಸಾಕು, ಯಾರಿಗೆ ಬೇಕಾದರೂ ತೋರಿಸಬಹುದು.

ಅಂದಿನಿಂದ ಸುಮತಿ ಮಲಗುವ ಮೊದಲು ನನ್ನ ಬೆನ್ನಿಗೆ ನೋವಿನ ಮುಲಾಮು ತಿಕ್ಕತೊಡಗಿದಳು. ಏನೂ ಆಗದ ಬೆನ್ನು ಮುಲಾಮಿನಿಂದಲೇ ಉರಿದು ಕೆಂಪಾಯಿತು. ಬೆಳಗ್ಗೆ ಬಸ್ಸು ಹತ್ತಿದರೆ ಇನ್ನೊಂದು ಗೋಳು.

"ಸೀಟು ಖಾಲಿ ಉಂಟಲ್ಲ, ಕೂತುಕೊಳ್ಳಿ ಮಾರಾಯ್ರೆ," ಎಂದರು ಕಂಡಕ್ಟರ್.

"ಬೇಡ, ನನಗೆ ನಿಲ್ಲುವುದೇ ಖುಷಿ."

"ಇಡೀ ಬಸ್ಸಿನಲ್ಲಿ ನೀವೊಬ್ಬರೇ ನಿಂತದ್ದು! ನೋಡಿದವರು ನಾನು ನಿಮಗೆ ಸೀಟು ಕೊಡಲಿಲ್ಲ ಅಂತ ಎಣಿಸುವುದಿಲ್ವಾ?"

"ಬೆನ್ನುನೋವು," ಎಂದೆ. ಅವರು ಗೌರವದಿಂದ ಟಿಕೆಟ್ ಹರಿದುಕೊಟ್ಟರು. ನೋಡಿದಿರಾ, ಬೆನ್ನುನೋವಿನ ಮರ್ಯಾದೆ!

ಸುದ್ದಿ ಹೆಜಮಾಡಿಗೆ ತಲುಪಿತು. ಹೆಜಮಾಡಿಯಲ್ಲಿ ನನ್ನ ಅತ್ತೆ ಇದ್ದಾರೆ. ಅವರು ಸುಮತಿಯ ತಾಯಿ, ನನ್ನ ಅಪ್ಪನ ತಂಗಿಯೂ ಹೌದು. ಚಿಕ್ಕಂದಿನಲ್ಲಿ ನನ್ನ ಕಿವಿ ಹಿಂಡಿದವರಾದ್ದರಿಂದ ಅಳಿಯನೆಂಬ ಗೌರವ ಅವರಲ್ಲಿ ಎಂದೂ ಹುಟ್ಟಲಿಲ್ಲ. ಬಂದವರೇ ತೀರ್ಪು ಕೊಟ್ಟರು.

"ಇದಕ್ಕೆ ಕಾರ್ಕಳದ ಪಂಡಿತರೇ ಆಗಬೇಕು. ತೆಂಗಿನ ಮರದಿಂದ ಬಿದ್ದವರನ್ನು ನಡೆಸಿದ ಕೈ ಅದು. ನಾಳೆಯೇ ಹೋಗುವ."

"ಈಗ ಸ್ವಲ್ಪ ಕಡಿಮೆ ಉಂಟು ಅತ್ತೆ."

"ಕಡಿಮೆ ಇದ್ದರೆ ಎಂತಕ್ಕೆ ಕಂಬದ ಹಾಗೆ ನಿಂತದ್ದು? ಕೂತು ತೋರಿಸು ನೋಡುವ!"

ನಾನು ಕಾರ್ಕಳಕ್ಕೆ ಹೊರಟೆ.

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ, ಸುಮತಿಯ ಪಕ್ಕ, ನಾನು ಮಂಡಿಯೂರಿ, ಹಿಂದಿನ ಗಾಜಿಗೆ ಮುಖ ಕೊಟ್ಟು ಪ್ರಯಾಣ ಮಾಡಿದೆ. ದಾರಿಯುದ್ದಕ್ಕೂ ಹಿಂದಿನಿಂದ ಬಂದ ಲಾರಿ ಚಾಲಕರೆಲ್ಲ ನನ್ನನ್ನು ನೋಡಿ ಹಾರ್ನ್ ಹಾಕಿದರು. ಮುಂದಿನ ಸೀಟಿನಲ್ಲಿದ್ದ ಅತ್ತೆ ದಾರಿಯಲ್ಲೇ ಊರಿನ ದೇವಿಗೆ ಒಂದು ಹರಕೆಯನ್ನೂ ಹೇಳಿಕೊಂಡರು. "ತಾಯೀ, ನನ್ನ ಅಳಿಯನ ಬೆನ್ನು ಸರಿಮಾಡಿಕೊಡು, ಬೆಳ್ಳಿಯಲ್ಲಿ ಬೆನ್ನು ಮಾಡಿಸಿ ಒಪ್ಪಿಸ್ತೇನೆ."

ಪಂಡಿತರು ವಯಸ್ಸಾದವರು. ಅಂಗೈ ಮಾತ್ರ ದೋಣಿಯ ಹುಟ್ಟಿನಷ್ಟು ಅಗಲ. ನನ್ನನ್ನು ಬೋರಲು ಮಲಗಿಸಿ, ಎಣ್ಣೆ ಹಚ್ಚಿ, ಕುತ್ತಿಗೆಯಿಂದ ಸೊಂಟದವರೆಗೆ ಒಂದೊಂದೇ ಎಲುಬು ಒತ್ತಿ ನೋಡಿದರು. ಕೊನೆಗೆ ತಲೆ ಅಲ್ಲಾಡಿಸಿದರು.

"ಇದರಲ್ಲಿ ಎಂತ ತೊಂದರೆಯೂ ಕಾಣುವುದಿಲ್ಲವಲ್ಲ. ಎಲುಬೆಲ್ಲ ಸರಿಯಾಗಿಯೇ ಉಂಟು."

ಸತ್ಯ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದು ಬರುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ನಾನು ಹೇಳಿದೆ, "ಒಳಗೆ ಉಂಟು ಪಂಡಿತರೇ. ತುಂಬಾ ಒಳಗೆ!"

"ಹಾಗಾದರೆ ಕಡೆಯ ಪಟ್ಟು ಹಾಕಿ ನೋಡುವ," ಎಂದು ಅವರು ಒಳಗಿನಿಂದ ತಮ್ಮ ಇಬ್ಬರು ಗಂಡುಮಕ್ಕಳನ್ನು ಕರೆದರು. ಕಡೆಯ ಪಟ್ಟು ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಅವರಿಬ್ಬರೂ ಎರಡೂ ಕಡೆ ನಿಂತು ನನ್ನ ಕಂಕುಳಿಗೆ ಕೈಹಾಕಿ ಎತ್ತಿದರು. ಎತ್ತಿ, ಬೆನ್ನಿನ ಸಂದುಗಳು ಬಿಡಿಸಿಕೊಳ್ಳಲೆಂದು, ಹಲಸಿನ ಮಣೆಯ ಮೇಲೆ ನನ್ನನ್ನು ಒಮ್ಮೆ ಕುಕ್ಕಿ ಕೂರಿಸಿದರು!

ನಾನು ಕೂಗಿದೆ. ಹರಾಜಿನಲ್ಲೂ ಹಾಗೆ ಕೂಗಿದವನಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೊಂದು ಯಾರೋ ಕರೆದರೆಂದು ನಿಂತಿತು. ಎದುರಿನ ಹೋಟೆಲಿನಿಂದ ದೋಸೆ ಹುಯ್ಯುವವನು ಸೌಟು ಹಿಡಿದುಕೊಂಡೇ ಓಡಿ ಬಂದ. ಅತ್ತೆ ಮಾತ್ರ ಸಂತೋಷದಿಂದ ಕೈಮುಗಿದು, "ಕೂತಿತು! ಎಲುಬು ಕೂತಿತು!" ಎಂದು ಎಣ್ಣೆಯ ಬಾಟಲಿ ಕೇಳಲು ಪಂಡಿತರ ಹಿಂದೆ ಒಳಗೆ ಹೋದರು.

ಕೂತದ್ದು ಎಲುಬಲ್ಲ, ಒಡೆದದ್ದು ಕುರು ಎಂದು ಗೊತ್ತಾದದ್ದು ನನಗೆ, ಮತ್ತು ನನ್ನ ಬಿಳಿ ಪಂಚೆಯ ಹಿಂಬದಿ ನೋಡಿದ ಸುಮತಿಗೆ. ಕಾರಿನ ಮರೆಯಲ್ಲಿ ನಿಲ್ಲಿಸಿ ಅವಳು ನನ್ನಿಂದ ಎಲ್ಲವನ್ನೂ ಹೇಳಿಸಿದಳು. ನಾನು ಹಿಡಿತದ ವಿಷಯ, ಕೂಗಿನ ವಿಷಯ, ಬಂದರಿನ ಹೆಂಗಸರ ವಿಷಯ, ಒಂದನ್ನೂ ಬಿಡದೆ ಹೇಳಿದೆ. ಅವಳಿಗೆ ಸಿಟ್ಟು ಬಂತು.

"ಟಿವಿಯಲ್ಲಿ ಹೇಳಿದರು ಅಂತ ಬಟ್ಟೆ ಒಗೆದದ್ದಲ್ವಾ ನೀವು? ನಾನು ಮಹಿಳಾ ಮಂಡಲದಲ್ಲಿ ನಿಮ್ಮನ್ನು ಹೊಗಳಿದ್ದೇ ಹೊಗಳಿದ್ದು! ನಾಲ್ಕು ಮನೆಯ ಗಂಡಸರು ನಿಮ್ಮಿಂದಾಗಿ ಈಗ ಬಟ್ಟೆ ಒಗೀತಾ ಇದ್ದಾರೆ!" ಎಂದಳು. ಹಾಗೆ ಹೇಳುತ್ತಲೇ ಅವಳ ಕಣ್ಣು ತುಂಬಿತು. "ನನಗೆ ಹೇಳಲಿಕ್ಕೆ ನಿಮಗೆ ಎಂತ ನಾಚಿಕೆ? ನಾಳೆ ಮಣಿಪಾಲ. ಮಾತಿಲ್ಲ."

ನನಗೆ ನಿಜಕ್ಕೂ ಎದೆಯ ಮೇಲಿನ ಭಾರ ಇಳಿದಂತಾಯಿತು. ಆದರೂ ಬುದ್ಧಿ ಬರಲಿಲ್ಲ ನೋಡಿ. "ಅತ್ತೆಗೆ ಹೇಳಬೇಡ," ಎಂದೆ.

ಮಣಿಪಾಲದ ಸರ್ಜನ್ ಒಬ್ಬರು ಹೆಂಗಸು. ಅದನ್ನು ಕಂಡೇ ನನ್ನ ಅರ್ಧ ಜೀವ ಹೋಯಿತು. ಅವರ ಹಿಂದೆ ಡಾಕ್ಟರಾಗಲು ಕಲಿಯುವ ಹುಡುಗ ಹುಡುಗಿಯರ ಒಂದು ಗುಂಪು ಒಳಗೆ ಬಂದಾಗ ಉಳಿದರ್ಧವೂ ಹೋಯಿತು. ನನ್ನನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಗೆ ಮಡಚಿಸಿ, ಎಲ್ಲರೂ ಬಗ್ಗಿ ನೋಡಿದರು. ಬುಟ್ಟಿಯ ಸುತ್ತ ಜನ ಬಗ್ಗಿ ನೋಡುವುದು ನನಗೆ ಹೊಸದಲ್ಲ. ಬುಟ್ಟಿಯ ಜಾಗದಲ್ಲಿ ನಾನಿದ್ದದ್ದು ಹೊಸದು!

"ಈಗ ಬಿಗಿ ಹಿಡಿಯಿರಿ," ಎಂದರು ಡಾಕ್ಟರು. ಅವರ ಬೆರಳು ಎಲ್ಲಿತ್ತು ಎಂದು ನಾನು ಬರೆಯುವುದಿಲ್ಲ. ಹಿಡಿದೆ.

"ಸಡಿಲ ಬಿಡಿ. ಮತ್ತೆ ಬಿಗಿ ಹಿಡಿಯಿರಿ. ಹಾಂ! ಸ್ನಾಯುವಿಗೆ ಒಳ್ಳೆಯ ಶಕ್ತಿ ಇದೆ. ಏನು ಕೆಲಸ ನಿಮ್ಮದು?"

"ಹರಾಜು ಕೂಗುವುದು."

"ಅದಕ್ಕೇ," ಎಂದರು. ಹುಡುಗ ಹುಡುಗಿಯರೆಲ್ಲ ಮೆಚ್ಚುಗೆಯಿಂದ ತಲೆ ಆಡಿಸಿದರು. ಇಷ್ಟು ವರ್ಷ ದುಡಿದು, ಓದಿದವರ ಬಾಯಿಂದ ನನಗೆ ಸಿಕ್ಕಿದ ಮೊದಲ ಹೊಗಳಿಕೆ ಅದು. ಸಿಕ್ಕಿದ್ದು ಆ ಭಂಗಿಯಲ್ಲಿ.

ಎಂಆರ್‌ಐ ಮಾಡಿಸಿ ನೋಡಿದಾಗ ನನ್ನ ಸುರಂಗ ಸಾಮಾನ್ಯದ್ದಲ್ಲ ಎಂದು ತಿಳಿಯಿತು. ಸ್ನಾಯುವನ್ನು ಕೊರೆದು ಹೋದದ್ದಲ್ಲದೆ ಒಂದು ಕವಲು ಬೇರೆ ಒಡೆದಿತ್ತು. ಡಾಕ್ಟರು ನನ್ನನ್ನೂ ಸುಮತಿಯನ್ನೂ ಎದುರಿಗೆ ಕರೆದು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಸುಮತಿ ಕುರ್ಚಿಯಲ್ಲಿ, ನಾನು ಯಥಾಪ್ರಕಾರ ನಿಂತು.

"ಸುರಂಗವನ್ನು ಉದ್ದಕ್ಕೆ ಸೀಳಿದರೆ ಬೇಗ ಒಣಗುತ್ತದೆ. ಆದರೆ ನಿಮ್ಮದನ್ನು ಸೀಳಿದರೆ ಸ್ನಾಯುವೂ ಕತ್ತರಿಸಿ ಹೋಗುತ್ತದೆ. ಅದನ್ನು ನಾವು ಮಾಡುವುದಿಲ್ಲ. ಮೊದಲು ಸುರಂಗದೊಳಗೆ ಒಂದು ದಾರ ಹಾಕಿ ಬಿಡುತ್ತೇವೆ. ಒಳಗಿನ ಕೀವು ದಾರದ ಜೊತೆ ಇಳಿದು ಕವಲೆಲ್ಲ ಶುದ್ಧವಾಗಲಿ. ಕೆಲವು ವಾರ ಕಳೆದು ಎರಡನೆಯ ಆಪರೇಷನ್. ಎರಡು ಸ್ನಾಯುಗಳ ನಡುವಿನ ಸಂದಿನಲ್ಲಿ ಇಳಿದು, ಅಲ್ಲೇ ಸುರಂಗವನ್ನು ಕಟ್ಟಿ, ತುಂಡು ಮಾಡಿ ಮುಚ್ಚುತ್ತೇವೆ. ಸ್ನಾಯುವಿಗೆ ಕತ್ತಿ ತಾಗುವುದಿಲ್ಲ."

"ಮತ್ತೆ ಬರಲಿಕ್ಕಿಲ್ವಾ ಡಾಕ್ಟ್ರೇ?" ಎಂದು ಕೇಳಿದ್ದು ಸುಮತಿ.

"ಬರಲೇಬಾರದು ಅಂತ ನಾನು ಬರೆದುಕೊಡಲಾರೆ. ಕೆಲವರಿಗೆ ಬರುತ್ತದೆ. ಬಂದರೆ ಇನ್ನೊಮ್ಮೆ ಪ್ರಯತ್ನ ಮಾಡಬಹುದು, ಯಾಕೆಂದರೆ ಸ್ನಾಯು ಉಳಿದಿರುತ್ತದೆ."

"ಇವರಿಗೆ ಕೂಗಬೇಕು ಡಾಕ್ಟ್ರೇ. ಕೂಗದಿದ್ದರೆ ಇವರು ಬದುಕುವುದಿಲ್ಲ," ಎಂದಳು ಸುಮತಿ. ನನ್ನ ಹೆಂಡತಿ ನನ್ನ ಉದ್ಯೋಗದ ಬಗ್ಗೆ ಇಷ್ಟು ಮರ್ಯಾದೆಯಿಂದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ದಾರ ಹಾಕಿಸಿಕೊಂಡೆ. ಪ್ರಜ್ಞೆ ತಪ್ಪಿಸದೆ, ಸೊಂಟದ ಕೆಳಗೆ ಮಾತ್ರ ಮರಗಟ್ಟುವಂತೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟರು. ನನಗೆ ಬೆನ್ನು ಎಂದರೆ ಈಗ ಪರಮ ಸಂತೋಷ! ಬೆನ್ನಿಗೆ ಅಂಟಿಸಿದ ಆ ಸಣ್ಣ ಪ್ಲಾಸ್ಟರನ್ನು ನೋಡಲು ಬಂದವರಿಗೆಲ್ಲ ತೋರಿಸಿದೆ. "ನೋಡಿ, ಇಲ್ಲೇ ಮಾಡಿದ್ದು." ನಮ್ಮ ಕಡೆ ಒಬ್ಬರು ಆಸ್ಪತ್ರೆ ಸೇರಿದರೆ ಇಡೀ ಸಂಬಂಧವೇ ನೋಡಲು ಬರಬೇಕು. ಬಾರದಿದ್ದರೆ ಮುಂದಿನ ಮದುವೆಯವರೆಗೆ ಮಾತುಕತೆ ಇಲ್ಲ. ಎಳನೀರಿನ ಬೊಂಡ, ಸೇಬು, ಬಿಸ್ಕತ್ತು ಹಿಡಿದು ಹೆಜಮಾಡಿಯವರು ಬಂದು ಮಂಚದ ಸುತ್ತ ನಿಂತರು. ಎಲ್ಲರೂ ಬೆನ್ನು ನೋಡಿದರು. ಎಲ್ಲರೂ ಮರುಗಿದರು. ನಾನು ಸಂಕಟ ಸಹಿಸುವವನ ಮುಖ ಮಾಡಿದೆ. ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು.

ಪಕ್ಕದ ಮಂಚದಲ್ಲಿ ಬಸಪ್ಪ ಇದ್ದ. ಕೊಪ್ಪಳದ ಕಡೆಯವನು, ಮಣಿಪಾಲದಲ್ಲಿ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವ ಕೆಲಸ. ಅವನೂ ಬೋರಲು ಮಲಗಿದ್ದ. ಬೆಳಗ್ಗಿನಿಂದ ಮಾತಿಗೆ ಜನವಿಲ್ಲದೆ ಬೇಸತ್ತಿದ್ದವನು, ಇಷ್ಟು ಜನರನ್ನು ಕಂಡು ಹುರುಪಾದ.

"ಅಮ್ಮಾರ, ಅದು ಬೆನ್ನಿಂದಲ್ರಿ!" ಎಂದು ನನ್ನ ಅತ್ತೆಯನ್ನು ಕರೆದು ಹೇಳಿದ. "ಇಂಜೆಕ್ಷನ್ ಅಷ್ಟ ಬೆನ್ನಿಗ್ರಿ. ಬ್ಯಾನಿ ಇರೋದು ಅದರ ಕೆಳಗ. ಭಗಂದರ! ನಂದೂ ಅದ, ಅಣ್ಣಾರದೂ ಅದ. ಇಬ್ಬರಿಗೂ ದಾರ ಹಾಕ್ಯಾರ. ಅಣ್ಣಾರದು ಭಾಳ ದೊಡ್ಡದಂತ್ರಿ, ಕವಲ ಒಡದದ! ಡಾಕ್ಟರು ಹುಡುಗರನ್ನ ಕರಕೊಂಡ ಬಂದು ಬಂದು ತೋರಸ್ತಾರ!"

ಅವನ ಮಾತಿನಲ್ಲಿ ಅಸೂಯೆಯ ಎಳೆಯೂ ಇತ್ತು.

ಬೊಂಡ ಹಿಡಿದಿದ್ದ ದೊಡ್ಡಪ್ಪನ ಮಗ ಬೊಂಡವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ನಾನು ದಿಂಬಿನಲ್ಲಿ ಮುಖ ಹುದುಗಿಸಿದೆ. ಅತ್ತೆ ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು. ಹಿಂಡುತ್ತಾರೆ ಎಂದು ಕಿವಿ ಮುಚ್ಚಿಕೊಂಡೆ.

"ಪಾಪಿ! ನಾನು ದೇವಿಗೆ ಬೆನ್ನು ಅಂತ ಹೇಳಿದ್ದು! ಅವಳು ಬಂದು ನಿನ್ನ ಬೆನ್ನು ನೋಡಿ, ಇಲ್ಲಿ ಎಂತ ಇಲ್ಲ ಅಂತ ವಾಪಸ್ ಹೋಗಿರ್ತಾಳೆ! ದೇವರಿಗೇ ತಪ್ಪು ಅಡ್ರೆಸ್ ಕೊಟ್ಟೆಯಲ್ಲ ಮಾರಾಯ!"

ಅತ್ತೆಯ ಚಿಂತೆ ಆ ಒಂದೇ. ಎರಡನೆಯ ಆಪರೇಷನ್ನಿಗೆ ಮೊದಲು ಹರಕೆಯನ್ನು ತಿದ್ದಿ, ಬೆನ್ನಿನ ಬದಲು ಆ ಜಾಗವನ್ನೇ ಬೆಳ್ಳಿಯಲ್ಲಿ ಕೊಂಡು ಮುಡಿಪು ಕಟ್ಟಿ ಇಡಲೇಬೇಕು. ಹಾಗಾಗಿ, ನನ್ನ ಸುರಂಗದಲ್ಲಿ ದಾರ ನೇತಾಡುತ್ತಿದ್ದ ಆ ದಿನಗಳಲ್ಲಿ, ನನ್ನನ್ನು ಎಳೆದುಕೊಂಡು ಉಡುಪಿಯ ಒಂದು ಬೆಳ್ಳಿ ಅಂಗಡಿಗೆ ಹೋದರು. ಹರಕೆಗೆ ಕೊಡುವ ಅಂಗಗಳು ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿದ್ದವು. ಬೆಳ್ಳಿಯ ತಗಡಿನಲ್ಲಿ ಕಣ್ಣು, ಕಿವಿ, ಕೈ, ಕಾಲು.

"ಯಾವುದು ಬೇಕು ಅಮ್ಮ?" ಎಂದರು ಅಂಗಡಿಯವರು.

ಅತ್ತೆ ಹೇಳಿದರು. ಮದುವೆಯ ಗೆಜ್ಜೆ ಆರಿಸುತ್ತಿದ್ದ ಒಂದು ಕುಟುಂಬ ನಮ್ಮತ್ತ ತಿರುಗಿತು.

ಅಂಗಡಿಯವರು ಬಹಳ ಯೋಚಿಸಿದರು. "ಅದರ ಅಚ್ಚು ನಮ್ಮಲ್ಲಿ ಇಲ್ಲ. ಇಷ್ಟರವರೆಗೆ ಯಾರೂ ಕೇಳಲೂ ಇಲ್ಲ. ಒಂದು ಕೆಲಸ ಮಾಡಿ. ಇಡೀ ಮನುಷ್ಯನನ್ನೇ ಕೊಟ್ಟುಬಿಡಿ. ಅವನಲ್ಲಿ ಎಲ್ಲವೂ ಬಂತಲ್ಲ." ಹೀಗೆಂದು ಒಂದು ಬೆಳ್ಳಿಯ ಮನುಷ್ಯನನ್ನು ಹೊರತೆಗೆದರು.

ಅತ್ತೆ ಅವನನ್ನು ಕೈಯಲ್ಲಿ ಹಿಡಿದು ಮುಂದೆ ನೋಡಿದರು. ಮಗುಚಿ ಹಿಂದೆ ನೋಡಿದರು.

"ಇದು ಎಂತ ಮನುಷ್ಯ? ಹಿಂದುಗಡೆ ಎಂತ ಇಲ್ಲವಲ್ಲ! ಪೂರಾ ಟೊಳ್ಳು!"

"ತಗಡಿನದ್ದು ಹಾಗೆಯೇ ಅಮ್ಮ. ಮುಂದಿನಿಂದ ಮಾತ್ರ ಅಚ್ಚು ಹಾಕುವುದು."

"ಇವನಿಗೆ ಮುಂದೆ ಎಂತ ಆಗಲಿಲ್ಲ. ಆದದ್ದೇ ಹಿಂದೆ. ಒಂದು ಚುಕ್ಕೆಯಾದರೂ ಹಾಕಿ ಕೊಡಿ, ದೇವಿಗೆ ಗೊತ್ತಾಗಬೇಕಲ್ಲ."

"ಚುಕ್ಕೆ ಎಲ್ಲಿ ಹಾಕಬೇಕು?" ಅಂಗಡಿಯವರು ಮೊಳೆ, ಸುತ್ತಿಗೆ ತೆಗೆದುಕೊಂಡು ಕೇಳಿದರು.

"ಅಗೋ, ಇವನನ್ನು ಕೇಳಿ. ಇವನಿಗೆ ಸರಿಯಾಗಿ ಗೊತ್ತು!"

ಗೆಜ್ಜೆಯವರೂ ಸೇರಿ ಇಡೀ ಅಂಗಡಿ ನನ್ನ ಬೆರಳು ಎಲ್ಲಿ ಹೋಗುತ್ತದೆ ಎಂದು ಕಾಯಿತು. ನಾನು ಬೆಳ್ಳಿಯ ಮನುಷ್ಯನ ಮೇಲೆ ಜಾಗ ತೋರಿಸಿದೆ. "ಟಕ್" ಎಂದು ಮೊಳೆ ಬಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ಸಮಾಧಾನದಿಂದ, "ಈಗ ಸರಿ ಆಯ್ತು," ಎಂದರು.

ಎರಡನೆಯ ಆಪರೇಷನ್ ಆಯಿತು. ಡಾಕ್ಟರು ಹೇಳಿದಂತೆಯೇ, ಸಂದಿನಲ್ಲಿ ಇಳಿದು, ಕಟ್ಟಿ, ತುಂಡು ಮಾಡಿ, ಮುಚ್ಚಿದರು. ಮನೆಗೆ ಬಂದು ದಿನವೂ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕುಳಿತೆ. ಮನೆಯಲ್ಲಿದ್ದ ದೊಡ್ಡ ಟಬ್ಬು ಬಂಗುಡೆ ಮೀನಿಗೆ ಉಪ್ಪು ಹಾಕುವಂಥದ್ದು. ಎಷ್ಟು ತೊಳೆದರೂ ವಾಸನೆ ಹೋಗದು. ನೆರೆಮನೆಯ ಬೆಕ್ಕು ನನ್ನ ಎದುರಿಗೆ ಬಂದು ಕುಳಿತು ಭಕ್ತಿಯಿಂದ ನೋಡುತ್ತಿತ್ತು. ಹಣ್ಣು, ಸೊಪ್ಪು, ಕುಚ್ಚಲಕ್ಕಿ ಗಂಜಿ, ಬೇಕಾದಷ್ಟು ನೀರು. ದಿನ ಕಳೆದಂತೆ ಒಸರುವುದು ನಿಂತಿತು. ಗಾಯ ಒಣಗಿತು. ಒಂದು ಬೆಳಗ್ಗೆ ನಾನು ಗೊತ್ತಿಲ್ಲದೆಯೇ ಕುರ್ಚಿಯಲ್ಲಿ ಕುಳಿತು ಪೇಪರು ಓದುತ್ತಿದ್ದೆ. ಸುಮತಿ ಬಾಗಿಲಲ್ಲಿ ನಿಂತು, ಕೈಯಲ್ಲಿದ್ದ ಚಹಾ ಆರುವವರೆಗೂ ನನ್ನನ್ನೇ ನೋಡುತ್ತಿದ್ದಳು.

ಡಾಕ್ಟರು ಪರೀಕ್ಷೆ ಮಾಡಿ ಬಹಳ ಸಂತೋಷಪಟ್ಟರು. "ಸುರಂಗ ಮುಚ್ಚಿದೆ. ಹಿಡಿತ ಹೇಗಿದೆ? ಗಾಳಿ ತಡೆಯಲು ಆಗುತ್ತದಾ?"

"ಆಗ್ತದೆ ಡಾಕ್ಟ್ರೇ. ಆದರೆ ಕೂಗಿ ನೋಡಲಿಲ್ಲ. ಹೆದರಿಕೆ. ಇಲ್ಲಿ ಒಮ್ಮೆ ಕೂಗಿ ನೋಡಲಾ?"

"ಇಲ್ಲಿ ಬೇಡ!" ಎಂದರು ಅವರು ಗಾಬರಿಯಾಗಿ. ಹೊರಗೆ ಜನ ತುಂಬಿದ್ದರು. "ಬಂದರಿಗೇ ಹೋಗಿ ಕೂಗಿ. ಏನೂ ಆಗುವುದಿಲ್ಲ."

ಬಂದರಿಗೆ ಹೋದೆ. ಸುಮತಿಯೂ ಜೊತೆಗೆ ಬಂದಳು. ಅವಳ ಕೈಚೀಲದಲ್ಲಿ ಒಂದು ಪಂಚೆ, ಒಂದು ಒಳಬಟ್ಟೆ, ಒಂದು ಟವೆಲು. ಇರಲಿ ಎಂದು.

ಮಲ್ಪೆಯಲ್ಲಿ ಇನ್ನೂ ನನ್ನದು ಬೆನ್ನುನೋವೇ. ಮೀನು ಕೊಳ್ಳುವ ಹೆಂಗಸರ ಮುಂದಾಳು ಗಿರಿಜಕ್ಕ, ವಯಸ್ಸಿನಲ್ಲಿ ನನಗಿಂತ ಹಿರಿಯಳು, "ಬೆನ್ನು ಸರಿ ಆಯ್ತಾ ವಸಂತ? ನೀನಿಲ್ಲದೆ ಇಲ್ಲಿ ಹರಾಜೆಲ್ಲ ಸಾವಿನ ಮನೆಯ ಹಾಗೆ ಆಗಿತ್ತು," ಎಂದಳು. ಅಂದು ಬೂತಾಯಿ ಮೀನು ರಾಶಿ ರಾಶಿ ಬಿದ್ದಿತ್ತು. ಮೊದಲ ದೊಡ್ಡ ಬುಟ್ಟಿಯ ಮುಂದೆ ನಿಂತೆ. ಸುಮತಿ ಗುಂಪಿನ ಅಂಚಿನಲ್ಲಿ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ದಮ್ಮು ಕಟ್ಟಿದೆ. ದೇವಿಯನ್ನು, ಡಾಕ್ಟರನ್ನು, ಎರಡು ಸ್ನಾಯುಗಳನ್ನೂ ನೆನೆದೆ. ಹೊಟ್ಟೆಯ ತಳದಿಂದ ಒತ್ತಿ ಕೂಗಿದೆ!

ಸ್ವರ ಬೋಟು ನಿಲ್ಲುವ ಧಕ್ಕೆಯ ಆ ತುದಿಗೆ ಹೋಗಿ ಮುಟ್ಟಿತು. ಕೆಳಗೆ? ಕೆಳಗೆ ಏನೂ ಇಲ್ಲ. ಕಲ್ಲಿನಂತೆ ಭದ್ರ! ಇನ್ನೊಮ್ಮೆ ಕೂಗಿದೆ. ಭದ್ರ! ಸಂತೋಷದಲ್ಲಿ ಕಣ್ಣು ಮಂಜಾಯಿತು. ಗುಂಪಿನ ಮೇಲಿಂದ ಸುಮತಿಯನ್ನು ನೋಡಿ, ಎಲ್ಲ ಸರಿ ಎಂದು ತಲೆ ಆಡಿಸಿದೆ. ಅವಳು ಅಳುತ್ತಾ ನಗುತ್ತಾ ಕೈ ಎತ್ತಿ ಬೀಸಿದಳು.

ನಮ್ಮ ಹರಾಜಿನಲ್ಲಿ ಬೇಕಾದವರು ಬಾಯಿ ಬಿಡಬೇಕಾಗಿಲ್ಲ. ಕೈ ಎತ್ತಿದರೆ ಸಾಕು, ನಾನು ದರ ಏರಿಸಿ ಕೂಗುತ್ತೇನೆ. ಕೊನೆಗೆ ಎದ್ದ ಕೈಗೆ ಮೀನು. ಸುಮತಿಯ ಕೈ ಎದ್ದಿತ್ತು. ಅಭ್ಯಾಸಬಲದಿಂದ ನಾನು ಏರಿಸಿ ಕೂಗಿಬಿಟ್ಟೆ. ಮತ್ತೆ ಯಾವ ಕೈಯೂ ಏಳಲಿಲ್ಲ. ಇಡೀ ಬುಟ್ಟಿ ಬೂತಾಯಿ ನನ್ನ ಹೆಂಡತಿಗೆ ಬಿತ್ತು!

"ಇಷ್ಟು ಬೂತಾಯಿ ಎಂತಕ್ಕೆ ಮಾರಾಯ್ತಿ? ಮನೆಯಲ್ಲಿ ಎಂತ ವಿಶೇಷ?" ಎಂದು ಗಿರಿಜಕ್ಕ ಕೇಳಿದಳು.

ಸುಮತಿ ಸುಳ್ಳು ಹೇಳಿ ಗೊತ್ತಿಲ್ಲದವಳು. ಅದರ ಮೇಲೆ ಸಂತೋಷ ಬೇರೆ. "ಮೀನಿಗೆ ಅಲ್ಲ ಗಿರಿಜಕ್ಕ ನಾನು ಕೈ ಎತ್ತಿದ್ದು! ಇವರಿಗೆ ಆದದ್ದು ಬೆನ್ನುನೋವಲ್ಲ, ಭಗಂದರ. ಮಣಿಪಾಲದಲ್ಲಿ ಸ್ನಾಯು ಉಳಿಸಿ ಆಪರೇಷನ್ ಮಾಡಿದರು. ಕೂಗಿದರೆ ಹಿಡಿತ ತಪ್ಪುತ್ತದಾ ಅಂತ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ನೋಡಿ, ಎಂತ ಆಗಲಿಲ್ಲ!" ಎಂದು, ಸಾಕ್ಷಿಗೆ ಚೀಲದಲ್ಲಿದ್ದ ಒಣ ಬಟ್ಟೆಗಳನ್ನೂ ತೆಗೆದು ಎತ್ತಿ ತೋರಿಸಿದಳು.

ಐಸ್ ಯಂತ್ರ ಅದೇ ಹೊತ್ತಿಗೆ ನಿಂತಿತ್ತು. ಒಂದಕ್ಷರವೂ ಬಿಡದೆ ಎಲ್ಲರಿಗೂ ಕೇಳಿತು.

ನಾನು ಕಣ್ಣು ಮುಚ್ಚಿ ನಗುವಿಗಾಗಿ ಕಾದೆ. ನಗು ಬರಲಿಲ್ಲ. ಕಣ್ಣು ತೆರೆದರೆ ಗಿರಿಜಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ಬಂದರನ್ನೇ ನಡುಗಿಸುವ ಆ ಹೆಂಗಸಿನ ಸ್ವರ ಮೊದಲ ಬಾರಿಗೆ ಮೆತ್ತಗಾಗಿತ್ತು.

"ವಸಂತ, ಆ ಡಾಕ್ಟರಮ್ಮ ಯಾವ ದಿನ ಸಿಗ್ತಾರೆ? ನನಗೂ ಸುಮಾರು ಸಮಯದಿಂದ ಬೆನ್ನುನೋವು ಮಾರಾಯ. ನಿನ್ನ ಹಾಗೆಯೇ."

ನಾನು ಅವಳ ಮುಖ ನೋಡಿದೆ. ಗಿರಿಜಕ್ಕ ಸ್ಟೂಲಿನ ಮೇಲೆ ಕುಳಿತು ಮೀನು ಮಾರುವುದನ್ನು ಬಿಟ್ಟು, ನಿಂತೇ ಮಾರತೊಡಗಿ ಬಹಳ ಕಾಲವಾಗಿತ್ತು. ಅದು ನನಗೆ ಆಗಲೇ ಹೊಳೆದದ್ದು. ಎದೆ ತುಂಬಿ ಬಂತು. ಭಯಪಡಬಾರದು, ಮೊದಲು ದಾರ ಹಾಕುತ್ತಾರೆ, ಸ್ನಾಯುವಿಗೆ ಕತ್ತಿ ತಾಗುವುದಿಲ್ಲ ಎಂದು ನಾನು ತಜ್ಞನ ಗತ್ತಿನಲ್ಲಿ ವಿವರಿಸಲು ತೊಡಗಿದೆ.

"ಭಾಷಣ ಬೇಡ, ದಿನ ಹೇಳು," ಎಂದಳು.

ದಿನ ಹೇಳಿದೆ. ಮೆಲ್ಲಗೆ ಹೇಳಬೇಕೆಂದೇ ಇದ್ದೆ. ಆದರೆ ಬಾಯಿಂದ ಹೊರಟದ್ದು ಹರಾಜಿನ ಸ್ವರ! ಕೂಡಲೇ ಐಸ್ ಹೊರುವವರ ನಡುವಿನಿಂದ ಒಂದು ಕೈ ಎದ್ದಿತು. "ಯಾವ ದಿನ ಅಂದದ್ದು ವಸಂತಣ್ಣ? ಇನ್ನೊಮ್ಮೆ ಕೂಗಿ!" ಬೋಟಿನ ಮೇಲಿಂದ ಇನ್ನೊಂದು ಕೈ. ಬಲೆ ಹೆಣೆಯುವವರ ಕಡೆಯಿಂದ ಮತ್ತೆರಡು. ನಾನು ಮತ್ತೆ ಕೂಗಿದೆ, ಬೆಳಗ್ಗೆಯೋ ಮಧ್ಯಾಹ್ನವೋ ಎಂಬುದನ್ನೂ ಸೇರಿಸಿ ಕೂಗಿದೆ. ಇಷ್ಟು ವರ್ಷ ಅಂಜಲ್ ಮೀನಿಗೂ, ಮಾಂಜಿ ಮೀನಿಗೂ, ಒಳ್ಳೆಯ ಸಿಗಡಿಗೂ ಗಂಟಲು ಹರಿದುಕೊಂಡವನು ನಾನು. ನನ್ನ ಒಂದು ಕೂಗಿಗೆ ಅಷ್ಟೊಂದು ಕೈ ಎದ್ದದ್ದು ಅದೇ ಮೊದಲು.